ಟೀಕೆ ಬರೆದ ವಿರಕ್ತರು

ಕನ್ನಡದಲ್ಲಿ ಕೆಲವು ಶಬ್ದಗಳು ಕಾಲಗತಿಯಲ್ಲಿ ತಮ್ಮ ಮಾನವನ್ನು ಕಳೆದುಕೊಂಡಿವೆ. ಅವುಗಳಲ್ಲಿ ‘ಟೀಕೆ’ ಎಂಬುದೊಂದು. ಈಗ ಟೀಕೆ ಎಂದರೆ ದೋಷ ಹೇಳುವುದು, ನಿಂದಿಸುವುದು. ಒಬ್ಬರನ್ನು ಇನ್ನೊಬ್ಬರು ಟೀಕಿಸಿದರೆಂದರೆ ಅವರಿಬ್ಬರಿಗೆ ಮಾತು ನಿಂತಿತೆಂದೇ ಲೋಕ ತಿಳಿಯುತ್ತದೆ. ಆದರೆ ವಿದ್ವತ್ಪರಂಪರೆಯಲ್ಲಿ ಟೀಕೆ ಎಂಬುದಕ್ಕೆ ಅರ್ಥವನ್ನು ಬಿಡಿಸಿ ತೋರಿಸುವುದು ಎಂದಿಷ್ಟೇ ತಾತ್ಪರ್ಯ. ಹಿರಿಯರ ಮಾತಿನ ಎದುರಿಗೆ ಕುಳಿತು, ಅದರ ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು, ಇದು ಹೀಗೆ, ಇದಕ್ಕೆ ಇಂಥ ಕಾರಣ, ಇಲ್ಲಿ ಇದು ಸೂಚನೆ ಎಂದು ಮುಂದೆ ಬರುವವನಿಗಾಗಿ ಬರೆದಿಡುವ ಕೆಲಸ ಅದು. ಟೀಕೆ, ಟಿಪ್ಪಣಿ, ವೃತ್ತಿ, ವ್ಯಾಖ್ಯಾನ, ಭಾಷ್ಯ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಗಾತ್ರದಲ್ಲಿ ಭೇದವೇ ಹೊರತು ಗುಣದಲ್ಲಿ ಅಲ್ಲ. ಪ್ರೀತಿಯಿಂದ ಹುಟ್ಟಿದ ಶಬ್ದ ದ್ವೇಷದ ಮನೆ ಸೇರಿದ್ದು ಹೇಗೆಂಬುದು ಭಾಷಾಶಾಸ್ತ್ರಜ್ಞರು ವಿಚಾರಿಸತಕ್ಕ ಸಂಗತಿ. ವಚನಗಳ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಅದಕ್ಕಿಂತ ಹತ್ತಿರದ ಇನ್ನೊಂದು ಸಂಗತಿ ಉಂಟು. ಶಬ್ದದ ಅರ್ಥ ಹೋದಂತೆ ಆ ಶಬ್ದ ಹೇಳುತ್ತಿದ್ದ ಕೆಲಸವೂ ಶಾಲೆಗಳಿಂದ ಮಾಯವಾಗುತ್ತಿದೆ.

ಭೀಮಾತೀರದ ಗೊಬ್ಬೂರ ಸೀಮೆಯಿಂದ ಆಳಂದ, ಅಫಜಲಪುರ, ಜೇವರ್ಗಿಗಳವರೆಗೆ ಮಠದ ಆಶ್ರಯದಲ್ಲಿ ನಡೆಯುವ ಯಾವ ಶಾಲೆಗೆ ಹೋದರೂ ಬೆಳಗಿನ ಪ್ರಾರ್ಥನೆಯಲ್ಲಿ ವಚನ ಕೇಳಿಬರುತ್ತದೆ. ಗೋಡೆಗಳ ಮೇಲೆ ವಚನಗಳಿವೆ. ಬಸವ ಜಯಂತಿಗೆ ವಚನಕಂಠಪಾಠ ಸ್ಪರ್ಧೆ, ವಚನಗಾಯನ ಸ್ಪರ್ಧೆಗಳಿವೆ. ಮಕ್ಕಳ ಕಂಠವೂ ಚೆನ್ನಾಗಿದೆ, ನೆನಪೂ ಚುರುಕಾಗಿದೆ. ಐವತ್ತು ವಚನ ಒಪ್ಪಿಸಿದ ಹುಡುಗಿಗೆ ಬಹುಮಾನ ಕೊಡುವಾಗ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಆ ಐವತ್ತರಲ್ಲಿ ಒಂದನ್ನು ಎತ್ತಿಕೊಂಡು, ‘ತಂಗಿ, ಇದರಲ್ಲಿ ಜಂಗಮ ಎಂದರೇನು?’ ಎಂದು ಯಾರಾದರೂ ಕೇಳಿದರೆ ಆ ಮಗು ತನ್ನ ಗುರುಗಳ ಮುಖ ನೋಡುತ್ತದೆ. ಗುರುಗಳು ಸಭೆಯ ಮುಖ ನೋಡುತ್ತಾರೆ. ಇದರಲ್ಲಿ ಮಗುವಿನ ತಪ್ಪಿಲ್ಲ. ಗುರುಗಳದೆಂದು ಹೇಳುವುದೂ ಅನ್ಯಾಯ. ಅವರಿಗೆ ಯಾರೂ ಕಲಿಸಿರಲಿಲ್ಲ.

ಇದಕ್ಕೆ ಸಮಾಧಾನವೆಂಬಂತೆ ಒಂದು ಅಭಿಪ್ರಾಯ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ವಚನಕ್ಕೆ ಟೀಕೆ ಬೇಕಿಲ್ಲ, ಅದು ಜನರ ಬಾಯ ಮಾತು, ಶಾಸ್ತ್ರದ ಕಗ್ಗಂಟಿನಿಂದ ಬಿಡಿಸಿಕೊಳ್ಳಲೆಂದೇ ಶರಣರು ತಿಳಿಗನ್ನಡದಲ್ಲಿ ನುಡಿದರು, ಅದರ ಮೇಲೆ ಮತ್ತೆ ವ್ಯಾಖ್ಯಾನದ ಹೊರೆ ಹೇರುವುದು ಅವರ ಆಶಯಕ್ಕೇ ವಿರುದ್ಧ ಎಂಬುದು ಆ ಅಭಿಪ್ರಾಯ. ಕೇಳುವುದಕ್ಕೆ ಇಂಪಾದ ಮಾತು. ಅರ್ಧ ಸತ್ಯವೂ ಹೌದು. ಉಳಿದ ಅರ್ಧ ಎಷ್ಟು ಹಾನಿಮಾಡಿದೆ ಎಂಬುದನ್ನು ನೋಡಬೇಕಾಗಿದೆ.

ತಿಳಿಗನ್ನಡವೆಂಬುದು ಆ ಕಾಲದವರಿಗೆ ತಿಳಿಯಾಗಿದ್ದ ಕನ್ನಡ. ಎಂಟು ನೂರು ವರ್ಷಗಳ ತರುವಾಯ ಅದೇ ಪದಗಳು ಇವೆ, ಅದೇ ಅರ್ಥಗಳಿಲ್ಲ. ‘ದಾಸೋಹ’ವನ್ನೇ ತೆಗೆದುಕೊಳ್ಳಬಹುದು. ಈಗಿನ ಮಕ್ಕಳಿಗೆ ದಾಸೋಹವೆಂದರೆ ಜಾತ್ರೆಯಲ್ಲಿ ಸಾಲಾಗಿ ಕುಳಿತು ಉಣ್ಣುವ ಹುಗ್ಗಿ, ಅನ್ನ, ಸಾರು. ಉಣಿಸುವುದು ದಾಸೋಹದ ಒಂದು ಮುಖ ನಿಜ. ಆದರೆ ಕೊಡುವವನು ‘ನಾನು ಕೊಟ್ಟೆ’ ಎನ್ನದೆ, ತೆಗೆದುಕೊಳ್ಳುವವನಿಗೇ ತಾನು ಸೇವಕನೆಂದು ಬಾಗುವ ಆ ಭಾವವೇ ದಾಸೋಹವೆಂಬುದು ಪದದೊಳಗೇ ಇದೆ. ಅದನ್ನು ಬಿಡಿಸಿ ಹೇಳದಿದ್ದರೆ ದಾಸೋಹಕ್ಕೂ ದಾನಕ್ಕೂ ಭೇದವೇ ಉಳಿಯುವುದಿಲ್ಲ. ದಾಸೋಹ ಮಾಡಿಸಿದವರ ಹೆಸರು ಊಟದ ಚಪ್ಪರಕ್ಕಿಂತ ದೊಡ್ಡ ಅಕ್ಷರಗಳಲ್ಲಿ ತೂಗಾಡುವುದು ಆಗ ಯಾರಿಗೂ ವಿಚಿತ್ರವೆನಿಸುವುದಿಲ್ಲ. ‘ಕಾಯಕ’ದ ಗತಿಯೂ ಇದೇ. ಕಚೇರಿಯ ಫಲಕದಿಂದ ಹಿಡಿದು ಕಾರ್ಖಾನೆಯ ಬಾಗಿಲವರೆಗೆ ಎಲ್ಲೆಲ್ಲಿಯೂ ಅದು ‘ದುಡಿಮೆ’ ಎಂಬುದಕ್ಕೆ ಪರ್ಯಾಯವಾಗಿದೆ. ಮಾಡುವ ಕೆಲಸ ಶುದ್ಧವಾಗಿರಬೇಕು, ಬಂದುದರಲ್ಲಿ ಅಗತ್ಯಕ್ಕೆ ಮೀರಿದ್ದನ್ನು ಉಳಿಸಿಕೊಳ್ಳಬಾರದು ಎಂದು ಶರಣರು ಹಾಕಿಕೊಂಡ ಕಟ್ಟಳೆಗಳು ಆ ಪದದಿಂದ ಸೋರಿಹೋಗಿವೆ. ಟೀಕೆಯಿಲ್ಲದೆ ಬಿಟ್ಟ ಪದ ಕಾವಲಿಲ್ಲದ ಹೊಲದಂತೆ. ಯಾರ ದನ ಬೇಕಾದರೂ ಒಳಹೊಕ್ಕು ಮೇಯುತ್ತದೆ.

ಹಿಂದಿನ ವಿರಕ್ತರು ಇದನ್ನು ಅರಿತಿದ್ದರು. ಕಲ್ಯಾಣದ ಶರಣಸಮೂಹ ಚದುರಿದ ಮೇಲೆ ವಚನಗಳು ಊರೂರಿಗೆ ಹೋದವು. ಕೆಲವು ಬಾಯಲ್ಲಿ ಉಳಿದವು, ಕೆಲವು ಓಲೆಯಲ್ಲಿ ಉಳಿದವು. ಸುಮಾರು ಎರಡೂವರೆ ಶತಮಾನಗಳ ನಂತರ, ವಿಜಯನಗರದಲ್ಲಿ ಪ್ರೌಢದೇವರಾಯನು 1424ರಿಂದ 1446ರವರೆಗೆ ಆಳುತ್ತಿದ್ದಾಗ, ಆ ಚದುರಿದ ರಾಶಿಯನ್ನು ಕೂಡಿಸುವ ಮಹತ್ಕಾರ್ಯ ನಡೆಯಿತು. ನೂರೊಂದು ವಿರಕ್ತರ ಕಾಲವೆಂದು ಪರಂಪರೆ ಕೊಂಡಾಡುವುದು ಇದನ್ನೇ. ದಂಡನಾಯಕರಾಗಿದ್ದ ಲಕ್ಕಣ್ಣದಂಡೇಶ, ಜಕ್ಕಣಾರ್ಯರಂಥವರು ರಾಜಕಾರ್ಯದ ನಡುವೆಯೂ ಈ ಕಾರ್ಯಕ್ಕೆ ಆಸರೆಯಾದುದಷ್ಟೇ ಅಲ್ಲದೆ ತಾವೂ ಲೇಖನಿ ಹಿಡಿದರು. ಜಕ್ಕಣಾರ್ಯರು ವಚನಗಳನ್ನು ನೂರೊಂದು ಸ್ಥಲಗಳಲ್ಲಿ ಹೊಂದಿಸಿದರು. ಅವರಿಗೆ ಗುರುವಾಗಿದ್ದ ಮಹಲಿಂಗದೇವರು ಪ್ರಭುದೇವರ ವಚನಗಳಿಗೆ ಟೀಕೆ ರಚಿಸಿದರು. ಕಲ್ಲುಮಠದ ಪ್ರಭುದೇವರು ‘ಲಿಂಗಲೀಲಾವಿಲಾಸ ಚಾರಿತ್ರ’ವೆಂಬ ಸಂಕಲನದಲ್ಲಿ ವಚನಗಳನ್ನು ಸ್ಥಲಕ್ರಮದಿಂದ ಜೋಡಿಸಿ ಅವಕ್ಕೆ ವ್ಯಾಖ್ಯಾನ ಬರೆದರು. ಒಬ್ಬರ ಹಿಂದೆ ಒಬ್ಬರು ಬಂದ ಈ ಮಹನೀಯರಲ್ಲಿ ಯಾರೂ ‘ವಚನ ತಾನೇ ತಿಳಿಯುತ್ತದೆ’ ಎಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ.

ಟೀಕೆಯ ರೀತಿಯನ್ನು ಒಂದಿಷ್ಟು ಹೇಳಬೇಕು. ಈಗಿನ ಅಧ್ಯಾಪಕರಲ್ಲಿ ಅನೇಕರು ಅದನ್ನು ಕಣ್ಣಿನಿಂದ ಕಂಡಿಲ್ಲ. ಮೊದಲು ವಚನ. ಅದರ ಕೆಳಗೆ, ಎಲ್ಲಿ ಓದುಗ ಎಡವುತ್ತಾನೋ ಆ ಪದಗಳು ಒಂದೊಂದಾಗಿ. ಪದದ ಪಕ್ಕದಲ್ಲಿ ಅದರ ಸಂಕೇತಾರ್ಥ. ಅನಂತರ ಅದಕ್ಕೆ ಆಧಾರವಾಗಿ ಶ್ರುತಿಯೋ ಆಗಮವೋ ಇನ್ನೊಬ್ಬ ಶರಣರ ವಚನವೋ ಸಾಕ್ಷಿ ನಿಲ್ಲುತ್ತದೆ. ಕೊನೆಗೆ ಎಲ್ಲವನ್ನೂ ಕೂಡಿಸಿ ತಾತ್ಪರ್ಯ. ಬೆಡಗಿನ ವಚನಗಳಲ್ಲಂತೂ ಈ ಉಪಕಾರವಿಲ್ಲದೆ ಒಂದು ಹೆಜ್ಜೆಯೂ ಸಾಗದು. ಊರು ಎಂದರೆ ದೇಹ, ಕೋತಿ ಎಂದರೆ ಮನಸ್ಸು, ಆನೆ ಎಂದರೆ ಅಹಂಕಾರ ಎಂಬಂಥ ಕೀಲಿಕೈಗಳನ್ನು ಟೀಕಾಕಾರರು ಒದಗಿಸದಿದ್ದರೆ ಅಲ್ಲಮಪ್ರಭುಗಳ ಎಷ್ಟೋ ವಚನಗಳು ಇಂದು ಬರಿಯ ಒಗಟುಗಳಾಗಿ ಉಳಿಯುತ್ತಿದ್ದುವು. ಸೋಮಶೇಖರ ಶಿವಯೋಗಿಗಳು ಈ ಬೆಡಗಿನ ವಚನಗಳನ್ನೇ ಆರಿಸಿಕೊಂಡು ಟೀಕೆ ಬರೆದದ್ದು ಸುಲಭದ ಸಾಹಸವಲ್ಲ. ಅಲ್ಲಮರ ಮುಂದೆ ನಿಂತು ‘ಇದಕ್ಕೆ ಇದು ಅರ್ಥ’ ಎನ್ನಲು ಎದೆ ಬೇಕು.

ಟೀಕೆಯೆಂಬುದು ಯಾವಾಗಲೂ ಪದದ ಕೆಳಗೆ ಬರೆದ ಸಾಲೇ ಆಗಬೇಕಿಲ್ಲ. ಶೂನ್ಯಸಂಪಾದನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಕಟ್ಟಿದ ಆ ಸಂವಾದಗ್ರಂಥವನ್ನು ಹಲಗೆಯಾರ್ಯರು ಮತ್ತೆ ಕಟ್ಟಿದರು. ತರುವಾಯ ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಅವರ ನಂತರ ಗೂಳೂರು ಸಿದ್ಧವೀರಣ್ಣೊಡೆಯರು. ಒಂದೇ ಗ್ರಂಥಕ್ಕೆ ನಾಲ್ಕು ಪಾಕ. ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಶ್ನೆ-ಉತ್ತರಗಳಾಗಿ ಎದುರುಬದುರು ನಿಲ್ಲಿಸುವುದೇ ಅವುಗಳ ಅರ್ಥ ಹೇಳುವ ಒಂದು ರೀತಿ. ಅಕ್ಕನ ವಚನದ ಹಿಂದೆ ಪ್ರಭುಗಳ ಪ್ರಶ್ನೆಯನ್ನು ಇಟ್ಟೊಡನೆ ಆ ವಚನಕ್ಕೆ ಬೇರೊಂದು ಬೆಳಕು ಬರುತ್ತದೆ. ನಿಜಗುಣ ಶಿವಯೋಗಿಗಳ ಹೆಸರು ಹೇಳಿದರೆ ಜನರಿಗೆ ಕೈವಲ್ಯಪದ್ಧತಿಯ ಹಾಡುಗಳು ನೆನಪಾಗುತ್ತವೆ. ಅವರು ಸಂಸ್ಕೃತದ ‘ಶಿವಯೋಗಪ್ರದೀಪಿಕೆ’ಗೆ ‘ಪರಮಾರ್ಥಪ್ರಕಾಶಿಕೆ’ ಎಂಬ ಕನ್ನಡ ವ್ಯಾಖ್ಯಾನವನ್ನು ಬರೆದರೆಂಬುದನ್ನು ನೆನೆಯುವವರು ಕಡಿಮೆ. ಹಾಡಿಗೆ ಕಂಠ ಸಿಗುತ್ತದೆ, ಟೀಕೆಗೆ ದೀಪವೂ ಸಿಗುವುದಿಲ್ಲ.

ಇದೇನು ಕನ್ನಡನಾಡಿಗೆ ಮಾತ್ರ ಸೇರಿದ ವ್ಯಸನವಲ್ಲ. ವಿರಕ್ತಜೀವನ ಎಲ್ಲೆಲ್ಲಿ ನೆಲೆಯೂರಿತೋ ಅಲ್ಲೆಲ್ಲ ಗ್ರಂಥವ್ಯಾಖ್ಯಾನ ಅದರ ಜೊತೆಗೆ ಬೆಳೆದಿದೆ. 1098ರಲ್ಲಿ ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದ ಸಿತೋ ಎಂಬಲ್ಲಿ ಕೆಲವು ಕ್ರೈಸ್ತ ಸನ್ಯಾಸಿಗಳು, ಹಳೆಯ ಮಠಗಳ ಐಶ್ವರ್ಯವನ್ನು ಒಲ್ಲದೆ, ಹೊಸದೊಂದು ಮಠವನ್ನು ಕಟ್ಟಿಕೊಂಡರು. ಅದರಿಂದ ಬೆಳೆದದ್ದೇ ಸಿಸ್ಟರ್ಸಿಯನ್ ಪಂಥ. ಬಣ್ಣ ಹಾಕದ ಉಣ್ಣೆಯ ಬಿಳಿಯ ಉಡುಪು, ಅಲಂಕಾರವಿಲ್ಲದ ಗುಡಿ, ಪ್ರಾರ್ಥನೆಯಷ್ಟೇ ಮುಖ್ಯವಾಗಿ ಮೈಮುರಿದು ದುಡಿಮೆ — ಕಾಯಕದ ಮಾತು ಕೇಳಿ ಬೆಳೆದವರಿಗೆ ಇದು ಪರಕೀಯವೆನಿಸದು. ಆ ಪಂಥದ ಬರ್ನಾರ್ಡ್ ಎಂಬ ಮಹಂತರು 1115ರಲ್ಲಿ ಕ್ಲೆರ್ವೋ ಎಂಬ ಕಣಿವೆಯಲ್ಲಿ ಮಠ ಸ್ಥಾಪಿಸಿದರು. 1135ರಲ್ಲಿ ಅವರು ತಮ್ಮ ಮಠದ ಸಾಧಕರಿಗಾಗಿ ಬೈಬಲಿನ ‘ಪರಮಗೀತ’ವೆಂಬ ಚಿಕ್ಕ ಪುಸ್ತಕದ ಮೇಲೆ ವ್ಯಾಖ್ಯಾನ ಆರಂಭಿಸಿದರು. ಅದು ಎಂಟೇ ಅಧ್ಯಾಯಗಳ ಪ್ರೇಮಗೀತೆ. ವಧು ವರನನ್ನು ಹಂಬಲಿಸಿ ಹಾಡುವ ಹಾಡು. ವಧುವೆಂದರೆ ಜೀವ, ವರನೆಂದರೆ ದೇವರು ಎಂದು ಬರ್ನಾರ್ಡರು ಅರ್ಥ ಹೇಳಿದರು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲವರಿಗೆ ಇದಕ್ಕೆ ಹೆಚ್ಚಿನ ವಿವರಣೆ ಬೇಡ. ಮೊದಲ ವಾಕ್ಯಕ್ಕೇ ಎಂಟು ಉಪನ್ಯಾಸಗಳು ಹಿಡಿದವು. ಹದಿನೆಂಟು ವರ್ಷಗಳಲ್ಲಿ 86 ಉಪನ್ಯಾಸಗಳಾದವು. ಮೂರನೆಯ ಅಧ್ಯಾಯದ ಹೊಸ್ತಿಲಿಗೆ ಬರುವಷ್ಟರಲ್ಲಿ, 1153ರಲ್ಲಿ, ಬರ್ನಾರ್ಡರು ದೇಹ ಬಿಟ್ಟರು. ಬಿಜ್ಜಳನು ಚಾಲುಕ್ಯರ ಕೈಯಿಂದ ಅಧಿಕಾರ ಕಿತ್ತುಕೊಳ್ಳುವುದಕ್ಕೆ ಕೆಲವೇ ವರ್ಷಗಳ ಮುಂಚಿನ ಮಾತು ಇದು. ಭೂಮಿಯ ಎರಡು ಕಡೆ ಒಂದೇ ಕಾಲದಲ್ಲಿ ಒಂದೇ ಹಂಬಲ.

ಮುಂದೆ ನಡೆದದ್ದು ಇನ್ನೂ ಮನೋಜ್ಞವಾಗಿದೆ. ಅರ್ಧದಲ್ಲಿ ನಿಂತ ಟೀಕೆಯನ್ನು ಇಂಗ್ಲೆಂಡಿನ ಸ್ವೈನ್ಸ್‌ಹೆಡ್ ಮಠದ ಗಿಲ್ಬರ್ಟ್ ಎಂಬುವರು, ಗುರುಗಳು ಬಿಟ್ಟ ಸಾಲಿನಿಂದಲೇ ಎತ್ತಿಕೊಂಡರು. ಐದನೆಯ ಅಧ್ಯಾಯದ ನಡುವೆ ಇರುವಾಗ 1172ರಲ್ಲಿ ಅವರೂ ತೀರಿಕೊಂಡರು. ಆಮೇಲೆ ಫೋರ್ಡ್ ಮಠದ ಜಾನ್ ಎಂಬ ಮಹಂತರು ಗಿಲ್ಬರ್ಟರು ನಿಲ್ಲಿಸಿದಲ್ಲಿಂದ ಹೊರಟು 120 ಉಪನ್ಯಾಸಗಳಲ್ಲಿ ಕೊನೆಯ ಸಾಲಿನವರೆಗೆ ಮುಟ್ಟಿಸಿದರು. ಈ ಜಾನ್ ತೀರಿಕೊಂಡದ್ದು 1214ರಲ್ಲಿ. ಎಂಟು ಅಧ್ಯಾಯಗಳಿಗೆ ಮೂವರು ವಿರಕ್ತರ ಬಾಳು ಸವೆಯಿತು. ಬರ್ನಾರ್ಡರಲ್ಲಿ ಎಲ್ಲವೂ ಒಪ್ಪತಕ್ಕದ್ದೆಂದಲ್ಲ. ಎರಡನೆಯ ಧರ್ಮಯುದ್ಧಕ್ಕೆ ಜನರನ್ನು ಹುರಿದುಂಬಿಸಿ ಕಳಿಸಿದ ವಾಣಿಯೂ ಅವರದೇ. ಆ ಯುದ್ಧ ಸೋಲಿನಲ್ಲಿ ಮುಗಿಯಿತು. ಪ್ರೇಮದ ಪುಸ್ತಕಕ್ಕೆ ಟೀಕೆ ಬರೆದವರು ಕತ್ತಿಗೂ ಆಶೀರ್ವಾದ ಕೊಟ್ಟರಲ್ಲಾ ಎಂದು ಓದುವವರು ನಿಟ್ಟುಸಿರಿಡಬೇಕಾಗುತ್ತದೆ. ಆದರೆ ಗುರು ಬಿಟ್ಟ ಸಾಲನ್ನು ಶಿಷ್ಯಪರಂಪರೆ ಕೈಬಿಡಲಿಲ್ಲವೆಂಬ ಮಾತು ಹಾಗೆಯೇ ನಿಲ್ಲುತ್ತದೆ.

ದೂರದ ಮಾತು ಸಾಕು. ಕಲಬುರಗಿಯ ನೆಲವೇ ಟೀಕೆಯ ನೆಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಪರಮಹಂಸ ಪರಿವ್ರಾಜಕರು, ಎಂದರೆ ಸನ್ಯಾಸಿಗಳು. ಶಹಾಬಾದ ಬಳಿಯ ಮರತೂರು ಅವರ ಸ್ಥಳವೆಂದು ಈ ಸೀಮೆಯವರು ಅಭಿಮಾನದಿಂದ ಹೇಳುತ್ತಾರೆ. ಅವರು ಸ್ವತಂತ್ರ ಗ್ರಂಥ ಬರೆದು ಪ್ರಸಿದ್ಧರಾದವರಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು ಪ್ರಸಿದ್ಧರಾದವರು. ಸ್ಮೃತಿಯಲ್ಲಿ ‘ಸಪಿಂಡ’ ಎಂಬ ಪದ ಬರುತ್ತದೆ. ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ ಎಂದು ಕೆಲವರು ಹೇಳಿದರೆ, ವಿಜ್ಞಾನೇಶ್ವರರು ಪಿಂಡವೆಂದರೆ ಶರೀರ, ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದು ನಿರ್ಣಯಿಸಿದರು. ಒಂದು ಪದದ ಅರ್ಥ ಅಷ್ಟೆ. ಆ ಅರ್ಥದ ಮೇಲೆ ಬಂಗಾಲವೊಂದನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹೊಲ ಮನೆಗಳ ವಾರಸುದಾರಿಕೆ ಶತಮಾನಗಳ ಕಾಲ ನಿಂತಿತ್ತು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು ಅದರ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳೂ ಅದನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಲೂ ಮಿತಾಕ್ಷರದ ಹೆಸರು ಅದರಲ್ಲಿ ಉಳಿಯಿತು. ಪದಕ್ಕೆ ಅರ್ಥ ಹೇಳುವುದು ಪಂಡಿತರ ಕಾಲಹರಣವೆಂದು ಹಗುರವಾಗಿ ನುಡಿಯುವವರು, ತಮ್ಮ ಅಜ್ಜನಿಗೆ ಬಂದ ಹೊಲ ಯಾವ ಅರ್ಥದ ಮೇಲೆ ಬಂತೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.

ಅದೇ ಕಲಬುರಗಿಗೆ ಸುಮಾರು 1400ರಲ್ಲಿ ದಿಲ್ಲಿಯ ಕಡೆಯಿಂದ ಬಂದು 1422ರಲ್ಲಿ ಅಲ್ಲಿಯೇ ಸಮಾಧಿಸ್ಥರಾದ ಖ್ವಾಜಾ ಬಂದೇನವಾಜರೂ ಹಿರಿಯ ಸೂಫಿಗಳ ಗ್ರಂಥಗಳಿಗೆ ವ್ಯಾಖ್ಯಾನ ಬರೆದವರು. ಅವರ ದರ್ಗಾಕ್ಕೆ ಹೋಗಿ ಬರುವ ಲಕ್ಷಾಂತರ ಜನರಿಗೆ ಈ ಮಾತು ತಿಳಿಯದು. ಜೇವರ್ಗಿಯ ಷಣ್ಮುಖ ಶಿವಯೋಗಿಗಳಂತೂ ಮನೆಯವರೇ. ಅಖಂಡೇಶ್ವರ ಎಂಬ ಅಂಕಿತದಲ್ಲಿ ಅವರು ನುಡಿದ ಏಳುನೂರಕ್ಕೂ ಮಿಕ್ಕ ವಚನಗಳು ಷಟ್‌ಸ್ಥಲದ ಕ್ರಮದಲ್ಲಿ ಸಾಗುತ್ತವೆ. ಬಸವಾದಿ ಪ್ರಮಥರಿಗಿಂತ ಐದು ನೂರು ವರ್ಷ ಈಚಿನವರು ಅವರು. ಹಳೆಯ ವಚನಗಳ ಮಾತನ್ನೇ ತಿರುಗಿ ಹೇಳಿದ್ದಾರೆಂದು ಅವರ ಮೇಲೆ ಆಕ್ಷೇಪಣೆ ಉಂಟು. ಆ ವಚನಗಳನ್ನು ವಚನಗಳೆಂದಲ್ಲದೆ ಟೀಕೆಯೆಂದು ಓದಿದರೆ ಆಕ್ಷೇಪಣೆ ತಾನಾಗಿ ಸಡಿಲುತ್ತದೆ. ಪೂರ್ವದ ಶರಣರು ಸೂತ್ರವಾಗಿ ನುಡಿದುದನ್ನು ಷಣ್ಮುಖರು ತಮ್ಮ ಕಾಲದ ಜೇವರ್ಗಿಯವರಿಗೆ ತಿಳಿಯುವಂತೆ ಹಿಗ್ಗಿಸಿ ಹೇಳಿದರು. ಅದೂ ಒಂದು ವ್ಯಾಖ್ಯಾನವೇ. ಗದ್ಯದ ಟೀಕೆಗೆ ಬದಲಾಗಿ ವಚನದ ಟೀಕೆ.

ಪುಸ್ತಕದ ಟೀಕೆ ಕಾಣದ ಹಳ್ಳಿಗರಿಗೂ ಬಾಯಿಯ ಟೀಕೆ ಅಪರಿಚಿತವಲ್ಲ. ಶ್ರಾವಣ ಬಂತೆಂದರೆ ಈ ಸೀಮೆಯ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಗವಾಯಿಗಳು ಪದ್ಯವನ್ನು ರಾಗವಾಗಿ ಹಾಡುತ್ತಾರೆ, ತಬಲಾದವರು ಸಾಥ್ ಕೊಡುತ್ತಾರೆ, ಶಾಸ್ತ್ರಿಗಳು ಅರ್ಥ ಹೇಳುತ್ತಾರೆ. ಎಡೆ ಹೊಡೆದು, ಕಳೆ ತೆಗೆದು ದಣಿದು ಬಂದ ರೈತರು ರಾತ್ರಿ ಹತ್ತರವರೆಗೆ ಕುಳಿತು ಕೇಳುತ್ತಾರೆ. ಅವರು ಬರುವುದು ರಾಗಕ್ಕಾಗಿ ಮಾತ್ರವಲ್ಲ. ಅರ್ಥ ಹೇಳುವವರು ಒಂದು ಪದದ ಹತ್ತಿರ ನಿಂತು, ಅದನ್ನು ಒಡೆದು, ಊರಿನದೇ ಒಂದು ದೃಷ್ಟಾಂತ ಕೊಟ್ಟಾಗ ಮುದುಕರು ತಲೆದೂಗುತ್ತಾರಲ್ಲ, ಆ ಕ್ಷಣಕ್ಕಾಗಿ ಬರುತ್ತಾರೆ. ಹೈದರಾಬಾದ ಸಂಸ್ಥಾನದ ಆಳಿಕೆಯಲ್ಲಿ, 1948ರ ಸೆಪ್ಟೆಂಬರ 17ರವರೆಗೂ, ಸರಕಾರಿ ಶಿಕ್ಷಣದಲ್ಲಿ ಉರ್ದುವಿನದೇ ಮೇಲುಗೈಯಾಗಿದ್ದಾಗ, ಕನ್ನಡದ ಅಕ್ಷರ ಕಾಣದ ಜನಕ್ಕೂ ಕನ್ನಡ ಕಾವ್ಯ ತಲಪಿದ್ದು ಈ ದಾರಿಯಿಂದ. ಶಾಲೆಯ ಮಕ್ಕಳು ಅದೇ ಮಠದ ಅಂಗಳದಲ್ಲಿ ಹಗಲು ಹೊತ್ತು ಅರ್ಥವಿಲ್ಲದೆ ವಚನ ಒಪ್ಪಿಸುತ್ತಾರೆ, ಅವರ ತಾತಂದಿರು ರಾತ್ರಿ ಹೊತ್ತು ಅರ್ಥ ಕೇಳಿ ಹೋಗುತ್ತಾರೆ. ಎರಡರ ನಡುವೆ ಒಂದು ಗೋಡೆ ಇದ್ದಂತಿದೆ.

ಟೀಕೆಗಳಲ್ಲಿ ಕುಂದಿಲ್ಲವೆಂದು ಸಾಧಿಸುವುದು ಸತ್ಯಕ್ಕೆ ದೂರ. 15ನೆಯ ಶತಮಾನದ ವಿರಕ್ತರ ಕಣ್ಣಿಗೆ ವಚನವೆಲ್ಲ ಷಟ್‌ಸ್ಥಲಶಾಸ್ತ್ರವಾಗಿಯೇ ಕಂಡಿತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಮನೆಗಳಲ್ಲಿ ಒಂದರಲ್ಲಿ ಕೂರದ ವಚನವನ್ನು ಅವರು ಒತ್ತಿ ಕೂರಿಸಿದರು. ಹಸಿವಿನ ಮಾತು, ಜಾತಿಯ ಗಾಯದ ಮಾತು, ಹೆಂಗಸಿನ ಒಡಲಿನ ಮಾತು ಅವರ ಕೈಯಲ್ಲಿ ಬಹುಮಟ್ಟಿಗೆ ಯೋಗದ ಸಂಕೇತಗಳಾಗಿ ಮಾರ್ಪಟ್ಟವು. ಅಂಬಲಿ ಕಾಯಿಸಿದ ಒಲೆ ಕುಂಡಲಿನಿಯಾಯಿತು, ಒಲೆಯ ಹೊಗೆ ಮರೆಯಾಯಿತು. ಇದನ್ನು ಆಧುನಿಕ ವಿದ್ವಾಂಸರು ಎತ್ತಿ ತೋರಿಸಿದ್ದು ಸರಿಯೇ. 1923ರಲ್ಲಿ ವಿಜಾಪುರದ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದ ಮೇಲೆ ವಚನ ಮಠದ ಜಂತಿಯಿಂದ ಇಳಿದು ಎಲ್ಲರ ಕೈಗೆ ಬಂತು. 1993ರಲ್ಲಿ ಸರಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ತಂದಾಗ ಒಬ್ಬೊಬ್ಬ ಶರಣರ ವಚನಗಳು ಅವರವರ ಹೆಸರಿನಲ್ಲಿ ಒಟ್ಟಿಗೆ ಸಿಕ್ಕುವಂತಾಯಿತು. ಈ ಉಪಕಾರವನ್ನು ಮರೆಯುವವನು ಕೃತಘ್ನ.

ಆದರೆ ಅಚ್ಚಾದ ಪುಸ್ತಕ ಕೈಗೆ ಬಂದುದರಿಂದಲೇ ಅರ್ಥವೂ ಕೈಗೆ ಬಂತೆಂದು ತಿಳಿದದ್ದು ತಪ್ಪಾಯಿತು. ಹಳೆಯ ಟೀಕೆಯಲ್ಲಿ ದೋಷವಿದೆಯೆಂದು ಟೀಕೆ ಮಾಡುವುದನ್ನೇ ಬಿಟ್ಟರೆ, ಕೊಡದಲ್ಲಿ ಸೋರಿಕೆಯಿದೆಯೆಂದು ನೀರು ತರುವುದನ್ನೇ ಬಿಟ್ಟಂತೆ. ಹಳೆಯ ಅರ್ಥ ಒಪ್ಪಿಗೆಯಾಗದಿದ್ದರೆ ಹೊಸ ಅರ್ಥ ಹೇಳಬೇಕು; ಹೇಳುವುದಕ್ಕೆ ಹಳೆಯದು ಗೊತ್ತಿರಬೇಕು. ಟೀಕಾಕಾರರು ತಮ್ಮತಮ್ಮೊಳಗೆ ಒಮ್ಮತದಿಂದ ಇರಲೂ ಇಲ್ಲ. ಒಂದೇ ಬೆಡಗಿನ ವಚನಕ್ಕೆ ಇಬ್ಬರು ಎರಡು ಅರ್ಥ ಕೊಟ್ಟಿದ್ದಾರೆ. ಪರಂಪರೆ ಎರಡನ್ನೂ ಕಾಪಾಡಿದೆ, ಒಂದನ್ನು ಸುಟ್ಟಿಲ್ಲ. ಶೂನ್ಯಸಂಪಾದನೆಯ ನಾಲ್ಕು ಪಾಕಗಳು ನಾಲ್ಕೂ ಉಳಿದಿವೆ. ಈಗಿನ ಸಭೆಗಳಲ್ಲಿ ವಚನದ ಅರ್ಥದ ಬಗ್ಗೆ ಮಾತೆತ್ತಿದರೆ ಎರಡೇ ನಿಮಿಷಗಳಲ್ಲಿ ಪಂಗಡಗಳೇಳುವುದನ್ನು ಕಂಡವರಿಗೆ ಹಿಂದಿನವರ ಈ ಔದಾರ್ಯ ಬೆರಗು ಹುಟ್ಟಿಸುತ್ತದೆ. ಅರ್ಥ ಗೊತ್ತಿದ್ದವರು ಭಿನ್ನಾರ್ಥವನ್ನು ಸಹಿಸುತ್ತಾರೆ; ಬಾಯಿಪಾಠ ಮಾತ್ರ ಗೊತ್ತಿದ್ದವರಿಗೆ ಅದು ಅಪಚಾರವಾಗಿ ಕೇಳಿಸುತ್ತದೆ.

ಮಠದ ಶಾಲೆಗಳು ಮಾಡಬಹುದಾದ ಕೆಲಸ ದೊಡ್ಡದಲ್ಲ, ಖರ್ಚಿನದೂ ಅಲ್ಲ. ಎಂಟನೆಯ ಇಯತ್ತೆಯಿಂದ ಹತ್ತನೆಯದರವರೆಗೆ ವಾರಕ್ಕೊಂದು ತಾಸು ಟೀಕೆಗೆಂದು ತೆಗೆದಿಡಬಹುದು. ಆ ತಾಸಿನಲ್ಲಿ ಒಂದೇ ವಚನ, ಐವತ್ತು ಬೇಡ. ಮೊದಲು ಮಕ್ಕಳೇ ತಮಗೆ ತಿಳಿದಷ್ಟನ್ನು ತಮ್ಮ ಮನೆಯ ಮಾತಿನಲ್ಲಿ ಬರೆಯಲಿ. ಅದರ ಮೇಲೆ ಹಳೆಯ ಟೀಕೆಯೊಂದನ್ನು ಓದಿ ಹೇಳಲಿ. ಆಮೇಲೆ ಈ ಕಾಲದ ವಿದ್ವಾಂಸರೊಬ್ಬರ ಅರ್ಥವನ್ನು. ಎರಡರಲ್ಲಿ ಯಾವುದು ಸರಿ ಎಂದು ಗುರುಗಳು ತೀರ್ಪು ಕೊಡಬೇಕಾಗಿಲ್ಲ. ಕಂಠಪಾಠ ಸ್ಪರ್ಧೆಯ ಬಹುಮಾನದಲ್ಲಿ ಅರ್ಧವನ್ನು ಅರ್ಥ ಹೇಳಿದವರಿಗೆಂದು ಮೀಸಲಿಟ್ಟರೆ ಮುಂದಿನ ವರ್ಷ ಮಕ್ಕಳೇ ಗುರುಗಳನ್ನು ಕೇಳತೊಡಗುತ್ತಾರೆ, ಗುರುಗಳು ಪುಸ್ತಕ ತೆರೆಯುತ್ತಾರೆ. ಶ್ರಾವಣದಲ್ಲಿ ಅರ್ಥ ಹೇಳುವ ಶಾಸ್ತ್ರಿಗಳನ್ನು ಹಗಲಲ್ಲಿ ಒಂದು ತಾಸು ಶಾಲೆಗೆ ಕರೆದರೆ ಅವರು ಬೇಡವೆನ್ನಲಾರರು. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ. ಅವರು ಹೇಳುವ ಅರ್ಥ ಯಾವ ಪುಸ್ತಕದಲ್ಲಿಯೂ ಇಲ್ಲ. ಅವರ ಗುರುಗಳಿಂದ ಬಾಯಿಗೆ ಬಾಯಿಯಾಗಿ ಬಂದದ್ದು. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿ ಹಿಡಿದಿಡುವ ಯಂತ್ರವಿರುವಾಗ, ಒಂದು ಶ್ರಾವಣದ ಅರ್ಥವನ್ನು ಹಿಡಿದಿಡುವುದಕ್ಕೆ ಅನುದಾನ ಕಾಯಬೇಕಾಗಿಲ್ಲ.

ದಾನಿಗಳಿಗೂ ಒಂದು ಮಾತು ಸಲ್ಲುತ್ತದೆ. ಕೊಠಡಿಗಳನ್ನು ಕಟ್ಟಿಸಿದವರ ಉಪಕಾರ ದೊಡ್ಡದು. ಮಕ್ಕಳಿಗೆ ನೆರಳು ಬೇಕು. ಆದರೆ ಕೊಠಡಿಗೆ ಹೆಸರು ಕೆತ್ತಿಸಬಹುದು, ಟೀಕೆಗೆ ಹೆಸರು ಕೆತ್ತಿಸುವ ಸ್ಥಳವಿಲ್ಲವೆಂಬ ಕಾರಣಕ್ಕೆ ಆ ಕಡೆಗೆ ಕೈ ಚಾಚುವವರು ವಿರಳ. ಈ ಸೀಮೆಯ ಹಳೆಯ ಮನೆಗಳಲ್ಲಿ, ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟು ವರ್ಷಕ್ಕೊಮ್ಮೆ ಪೂಜೆ ಮಾಡುವ ಓಲೆಯ ಕಟ್ಟುಗಳು ಇನ್ನೂ ಉಂಟು. ವಿಭೂತಿ ಹಚ್ಚುತ್ತಾರೆ, ಹೂವೇರಿಸುತ್ತಾರೆ, ಬಿಚ್ಚುವುದಿಲ್ಲ. ಅದರಲ್ಲಿರುವುದು ವಚನವೋ, ಟೀಕೆಯೋ, ವೈದ್ಯವೋ, ಮನೆತನದ ಲೆಕ್ಕವೋ ಮನೆಯವರಿಗೇ ತಿಳಿಯದು. ಪೂಜೆಗೊಂಡ ಓಲೆಯನ್ನೂ ಹುಳ ತಿನ್ನುತ್ತದೆ. ಮನೆಯವರ ಮನ ನೋಯದಂತೆ, ಕಟ್ಟನ್ನು ಅವರ ಜಗಲಿಯಿಂದ ಕದಲಿಸದೆ, ಅಲ್ಲಿಯೇ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಸವರಿ, ಗರಿಗರಿಗೂ ಛಾಯಾಚಿತ್ರ ತೆಗೆದುಕೊಂಡು ಮರಳಿ ಕಟ್ಟಿಡುವುದಕ್ಕೆ ಇಬ್ಬರು ತರುಣರು ಮತ್ತು ಹಳೆಯ ಲಿಪಿ ಬಲ್ಲ ಒಬ್ಬ ಹಿರಿಯರು ಸಾಕು. ತರುಣರು ಹಳೆಯ ವಿದ್ಯಾರ್ಥಿಗಳಲ್ಲಿಯೇ ಸಿಗುತ್ತಾರೆ. ಹಳೆಯ ಲಿಪಿ ಬಲ್ಲವರನ್ನು ಹುಡುಕುವ ಕೆಲಸವನ್ನು ಮಾತ್ರ ಮುಂದಿನ ಬಸವ ಜಯಂತಿಗೆಂದು ಮುಂದೂಡುವಂತಿಲ್ಲ. ಅಂಥವರು ಈಗಲೇ ಬೆರಳೆಣಿಕೆಗೆ ಬಂದಿದ್ದಾರೆ.